ಊರೂರು ತಿರುಗುವ ಮಕ್ಕಳ ಸರ್ಕಸ್ ನಡೆಯುವ ಬಗೆ

ನಮ್ಮ ದೇಶದಲ್ಲಿ ಹದಿನಾಲ್ಕು ವರ್ಷ ತುಂಬದ ಮಗು ಸಿನಿಮಾದಲ್ಲಿ ನಟಿಸಬಹುದು, ಜಾಹೀರಾತಿನಲ್ಲಿ ಕಾಣಿಸಿಕೊಳ್ಳಬಹುದು, ಧಾರಾವಾಹಿಯಲ್ಲಿ ಪಾತ್ರ ಮಾಡಬಹುದು. ಸರ್ಕಸ್ಸಿನಲ್ಲಿ ಮಾತ್ರ ಕೆಲಸ ಮಾಡುವಂತಿಲ್ಲ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಬಾಲಕಲಾವಿದರಿಗೆ ವಿನಾಯಿತಿ ಕೊಡುವ ಸಾಲಿನಲ್ಲೇ ಸರ್ಕಸ್ಸನ್ನು ಹೆಸರಿಸಿ ಹೊರಗಿಟ್ಟಿದೆ. ಅದಕ್ಕೂ ಮುಂಚೆ, 2011ರ ಏಪ್ರಿಲ್‌ನಲ್ಲಿ, ಮಕ್ಕಳ ಹಕ್ಕಿಗಾಗಿ ದುಡಿಯುವ ಬಚಪನ್ ಬಚಾವೋ ಆಂದೋಲನ ಎಂಬ ಸಂಘಟನೆ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಸರ್ಕಸ್ ಕಂಪನಿಗಳು ಮಕ್ಕಳನ್ನು ದುಡಿಸುವುದನ್ನು ನಿಷೇಧಿಸುವಂತೆ, ಅಲ್ಲಿರುವ ಮಕ್ಕಳನ್ನು ಬಿಡಿಸಿ ಪುನರ್ವಸತಿ ಕಲ್ಪಿಸುವಂತೆ ಕೇಂದ್ರ ಸರ್ಕಾರಕ್ಕೆ ಆದೇಶ ಕೊಟ್ಟಿತ್ತು. ನೇಪಾಳದ ಬಡ ಹಳ್ಳಿಗಳಿಂದ ಹೆಣ್ಣುಮಕ್ಕಳನ್ನು ಕರೆತಂದು, ತಂದೆ ತಾಯಿಯಿಂದ ವರ್ಷಗಟ್ಟಲೆಯ ಕರಾರಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು, ಡೇರೆಯಲ್ಲೇ ಕೂಡಿಹಾಕಿ ದುಡಿಸಿದ ಕಥೆಗಳು ಆ ಆದೇಶದ ಹಿಂದಿವೆ. ಆ ನಿಷೇಧ ಬಂದದ್ದು ಸರಿ.

ಇತ್ತ ಅಮೆರಿಕದ ಈಶಾನ್ಯ ಮೂಲೆಯ ವರ್ಮಾಂಟ್ ರಾಜ್ಯದಲ್ಲಿ, ಸಾವಿರ ಜನರೂ ಇಲ್ಲದ ಗ್ರೀನ್ಸ್‌ಬರೊ ಎಂಬ ಊರಿನಿಂದ, ಬೇಸಿಗೆ ರಜೆ ಬಂತೆಂದರೆ ಸುಮಾರು ಮೂವತ್ತು ಮಕ್ಕಳ ತಂಡವೊಂದು ಸರ್ಕಸ್ ಡೇರೆ ಹೊತ್ತುಕೊಂಡು ಹೊರಡುತ್ತದೆ. ಹೆಸರು ಸರ್ಕಸ್ ಸ್ಮರ್ಕಸ್. ಹನ್ನೊಂದರ ಆಸುಪಾಸಿನ ಪುಟಾಣಿಗಳಿಂದ ಹದಿನೆಂಟರ ಹುಡುಗ ಹುಡುಗಿಯರವರೆಗೆ ಎಲ್ಲರೂ ಅದರಲ್ಲಿದ್ದಾರೆ. ಏಳು ವಾರಗಳ ತಿರುಗಾಟದಲ್ಲಿ ಅರವತ್ತಕ್ಕೂ ಹೆಚ್ಚು ಆಟ ಆಡುತ್ತಾರೆ. ಡೇರೆಯೂ ಹಗ್ಗವೂ ತೂಗುಯ್ಯಾಲೆಯೂ ಎರಡೂ ಕಡೆ ಒಂದೇ. ಸುತ್ತಲಿನ ಏರ್ಪಾಡು ಮಾತ್ರ ಬೇರೆ, ಮತ್ತು ಮಗುವಿನ ಬಾಳು ಆ ಏರ್ಪಾಡಿನ ಮೇಲೆ ನಿಂತಿದೆ. ಅದು ಹೇಗೆ ಕಟ್ಟಲ್ಪಟ್ಟಿದೆ ಎಂಬುದನ್ನು ಬಿಡಿಬಿಡಿಯಾಗಿ ನೋಡಬೇಕು.

ಕಟ್ಟಿದವರು ರಾಬ್ ಮರ್ಮಿನ್. 1969ರಲ್ಲಿ, ಇನ್ನೂ ಹತ್ತೊಂಬತ್ತರ ಹರೆಯದಲ್ಲಿ, ಯುರೋಪಿಗೆ ಹೋಗಿ ಸರ್ಕಸ್ ಸೇರಿದವರು. ಮೂಕಾಭಿನಯದ ಮಾರ್ಸೆಲ್ ಮಾರ್ಸೊ ಬಳಿ ಕಲಿತವರು. ಅಮೆರಿಕದ ರಿಂಗ್ಲಿಂಗ್ ಬ್ರದರ್ಸ್ ಸರ್ಕಸ್ ಕಂಪನಿ ನಡೆಸುತ್ತಿದ್ದ ವಿದೂಷಕರ ಕಾಲೇಜಿಗೂ ಮುಖ್ಯಸ್ಥರಾಗಿದ್ದರು. ಯುರೋಪಿನ ಒಂದೇ ರಿಂಗಿನ ಸಣ್ಣ ಸರ್ಕಸ್ಸು ಅವರ ಮನಸ್ಸಿನಲ್ಲಿ ಕೂತಿತ್ತು. ಆ ಮಾದರಿಯನ್ನೇ ಮಕ್ಕಳಿಗಾಗಿ 1987ರಲ್ಲಿ ಶುರುಮಾಡಿದರು. ಡೇರೆಯಲ್ಲಿ ಸುಮಾರು 750 ಜನ ಕೂರಬಹುದು. ಪ್ರಾಣಿಗಳಿಲ್ಲ. ಹಿಂದಿನ ಸಾಲಿನಲ್ಲಿ ಕೂತವರಿಗೂ ಆಡುವ ಮಗುವಿನ ಮುಖ ಕಾಣುವಷ್ಟು ಹತ್ತಿರ. ರಿಂಗಿನ ಅಳತೆಗೆ ಒಂದು ಹಳೆಯ ಕಾರಣವಿದೆ. 1768ರಲ್ಲಿ ಲಂಡನ್ನಿನಲ್ಲಿ ಫಿಲಿಪ್ ಆಸ್ಟ್ಲಿ ಎಂಬ ಅಶ್ವಾರೋಹಿ ವೃತ್ತಾಕಾರದಲ್ಲಿ ಕುದುರೆ ಓಡಿಸುತ್ತಾ ಅದರ ಬೆನ್ನ ಮೇಲೆ ನಿಂತು ಆಟ ತೋರಿಸತೊಡಗಿದ. ಕುದುರೆ ಹದವಾಗಿ ಓಡಲು, ಸವಾರ ಒಳಕ್ಕೆ ವಾಲಿ ನಿಲ್ಲಲು ಸುಮಾರು 13 ಮೀಟರ್ ಅಡ್ಡಗಲದ ವೃತ್ತ ತಕ್ಕದ್ದೆಂದು ಕಂಡುಕೊಂಡ. ಕುದುರೆ ಹೋದರೂ ಅಳತೆ ಉಳಿಯಿತು. ಜಗತ್ತಿನ ಸರ್ಕಸ್ಸುಗಳ ರಿಂಗು ಇವತ್ತಿಗೂ ಹೆಚ್ಚುಕಡಿಮೆ ಅಷ್ಟೇ.

ಆಯ್ಕೆ ಚಳಿಗಾಲದಲ್ಲೇ ನಡೆಯುತ್ತದೆ. ಬರುವ ಮಕ್ಕಳಲ್ಲಿ ಹಲವರು ಊರಿನ ಜಿಮ್ನಾಸ್ಟಿಕ್ಸ್ ಕ್ಲಬ್ಬಿನಲ್ಲೋ ಸರ್ಕಸ್ ಶಾಲೆಯಲ್ಲೋ ಸ್ಮರ್ಕಸ್‌ನದೇ ಬೇಸಿಗೆ ಶಿಬಿರದಲ್ಲೋ ಪಳಗಿದವರು. ಬರಿಯ ಕಸರತ್ತು ಚೆನ್ನಾಗಿದ್ದರೆ ಸಾಲದು ಎನ್ನುವುದು ಇಂಥ ತಂಡಗಳ ಅನುಭವ. ಏಳು ವಾರ ಜೊತೆಗಿರಬೇಕು, ದಣಿದಾಗಲೂ ಇನ್ನೊಬ್ಬರ ಹಗ್ಗ ಹಿಡಿಯಬೇಕು. ಆದ್ದರಿಂದ ಹೇಳಿದ್ದನ್ನು ಕೇಳುವ ಕಿವಿ, ಬಿದ್ದ ಮೇಲೆ ಮತ್ತೆ ಎದ್ದು ಬರುವ ಬಗೆ, ಬೇರೆಯವರ ಸರದಿ ಬಂದಾಗ ನಡೆದುಕೊಳ್ಳುವ ರೀತಿ, ಇವನ್ನೂ ತೂಗಿ ನೋಡುತ್ತಾರೆ. ಜೂನ್ ಮೊದಲಲ್ಲಿ ತಂಡ ಸೇರಿದರೆ ಆಟ ಕಟ್ಟಲು ಸಿಗುವುದು ಮೂರೇ ವಾರ. ಪ್ರತಿ ವರ್ಷ ಹೊಸ ಕಥಾವಸ್ತು, ಹೊಸ ಉಡುಪು, ಹೊಸ ಸಂಗೀತ.

ಇನ್ನು ಕಲಿಕೆ. ಇಲ್ಲಿ ನಿಧಾನವಾಗಿ ಹೋಗಬೇಕು.

ಸರ್ಕಸ್ ಕಲಿಸುವವರು ಮೊದಲು ಕಲಿಸುವುದು ಬೀಳುವುದನ್ನು. ಹಿಮ್ಮುಖವಾಗಿ ಬಿದ್ದರೆ ಕೈ ಊರಬಾರದು, ಗದ್ದ ಎದೆಗೆ ಒತ್ತಿ ಬೆನ್ನು ಗುಂಡಗೆ ಮಾಡಿ ಉರುಳಬೇಕು. ಮುಗ್ಗರಿಸಿದರೆ ಭುಜದ ಮೇಲೆ ಉರುಳಿ ಎದ್ದು ನಿಲ್ಲಬೇಕು. ಕೈ ಊರಿದ ಮಗುವಿನ ಮಣಿಕಟ್ಟು ಮುರಿಯಬಹುದು ಎಂಬುದು ಎಲ್ಲ ಗರಡಿಗಳಿಗೂ ಗೊತ್ತಿರುವ ವಿಷಯ. ಎರಡನೆಯ ಪಾಠ ಇಳಿಯುವುದು. ಮಾನವ ಪಿರಮಿಡ್ಡಿನಲ್ಲಿ ಹತ್ತುವುದಕ್ಕಿಂತ ಮೊದಲೇ ಇಳಿಯುವ ಕ್ರಮ ಬಾಯಿಪಾಠ ಆಗಿರಬೇಕು. ಯಾರು ಮೊದಲು, ಯಾವ ಕಡೆಗೆ, ಯಾರ ಮಾತಿಗೆ ಎಂಬುದೆಲ್ಲ ನಿಗದಿ. ಕೂಗಿ ಹೇಳುವವರು ಒಬ್ಬರೇ. ಮೊಣಕಾಲೂರಿ ಬಗ್ಗಿದವರ ಮೇಲೆ ಹತ್ತುವಾಗ ಭಾರ ಬೀಳಬೇಕಾದದ್ದು ಸೊಂಟದ ಮೂಳೆಯ ಮೇಲೆ, ಇಲ್ಲವೇ ಭುಜದ ಮೇಲೆ. ನಡುಬೆನ್ನಿನ ಮೇಲೆ ಎಂದೂ ಅಲ್ಲ. ಕೆಳಗಿನವರು ಸಾಕು ಎಂದು ಹೇಳಿದರೆ ಆಟ ಅಲ್ಲಿಗೆ ನಿಲ್ಲುತ್ತದೆ, ಕಾರಣ ಕೇಳುವಂತಿಲ್ಲ. ಬೆದರಿಸಿ ಮಾಡಿಸುವ ಸರ್ಕಸ್ಸಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟು ಸಣ್ಣ ನಿಯಮದಲ್ಲಿ ಕಣ್ಣಿಗೆ ಬೀಳುತ್ತದೆ.

ಚೆಂಡುಗಳನ್ನು ಒಂದರ ಹಿಂದೊಂದು ಮೇಲೆಸೆದು ಹಿಡಿಯುವ ಚೆಂಡಾಟವನ್ನು ಯಾವ ಮಗುವೂ ಕಲಿಯಬಲ್ಲದು, ಮತ್ತು ಅದರಲ್ಲಿರುವ ಲೆಕ್ಕ ಸುಂದರವಾದದ್ದು. ಮೇಲೆ ಎಸೆದ ಚೆಂಡು ಅರ್ಧ ಸೆಕೆಂಡು ಗಾಳಿಯಲ್ಲಿರಬೇಕಾದರೆ ಕೈಯಿಂದ ಸುಮಾರು 30 ಸೆಂಟಿಮೀಟರ್ ಮೇಲೆ ಹೋಗಬೇಕು. ಒಂದು ಸೆಕೆಂಡು ಇರಬೇಕಾದರೆ ಎರಡರಷ್ಟು ಎಸೆದರೆ ಸಾಲದು, ನಾಲ್ಕರಷ್ಟು ಬೇಕು, ಅಂದರೆ ಸುಮಾರು 120 ಸೆಂಟಿಮೀಟರ್. ಒಂದೂವರೆ ಸೆಕೆಂಡಿಗೆ ಒಂಬತ್ತರಷ್ಟು, ಹತ್ತಿರಹತ್ತಿರ 275 ಸೆಂಟಿಮೀಟರ್. ಕೈ ಎರಡೇ ಇರುವುದರಿಂದ ಚೆಂಡುಗಳು ಹೆಚ್ಚಿದಷ್ಟೂ ಅವು ಗಾಳಿಯಲ್ಲಿ ಕಳೆಯುವ ಹೊತ್ತು ಹೆಚ್ಚಬೇಕು, ಎಸೆತ ಎತ್ತರವಾಗಬೇಕು. ಎತ್ತರವಾದಷ್ಟೂ ಕೈಯ ಕೂದಲೆಳೆಯ ತಪ್ಪು ಮೇಲೆ ಹೋಗಿ ಗೇಣು, ಮೊಳವಾಗುತ್ತದೆ. ಮೂರು ಚೆಂಡು ಬಂದ ಮಗುವಿಗೆ ಐದು ಚೆಂಡಿಗೆ ವರ್ಷಗಳೇ ಹಿಡಿಯುವುದು ಇದಕ್ಕೇ. ಮಾಹಿತಿ ಸಿದ್ಧಾಂತದ ಪಿತಾಮಹ ಕ್ಲಾಡ್ ಶಾನನ್ ಸ್ವತಃ ಚೆಂಡಾಟದ ಗೀಳಿನವರಾಗಿದ್ದು, ಕೈ, ಚೆಂಡು, ಹೊತ್ತುಗಳ ನಡುವಿನ ಸಂಬಂಧಕ್ಕೆ ಒಂದು ಸಮೀಕರಣವನ್ನೇ ಬರೆದರು.

ಕಲಿಸುವ ಬಗೆ ಮಾತ್ರ ಸರಳ. ಮೊದಲು ತೆಳು ಬಟ್ಟೆಯ ಚೌಕಗಳು. ಅವು ತೇಲುತ್ತಾ ನಿಧಾನವಾಗಿ ಇಳಿಯುವುದರಿಂದ ಮಗುವಿಗೆ ಯೋಚಿಸಲು ಹೊತ್ತು ಸಿಗುತ್ತದೆ. ಆಮೇಲೆ ಒಂದೇ ಚೆಂಡು, ಒಂದು ಕೈಯಿಂದ ಇನ್ನೊಂದಕ್ಕೆ, ಕಣ್ಣಿನ ಎತ್ತರಕ್ಕೆ. ನಂತರ ಎರಡು: ಮೊದಲನೆಯದು ತುದಿ ಮುಟ್ಟಿದಾಗ ಎರಡನೆಯದನ್ನು ಬಿಡಬೇಕು. ಕಣ್ಣು ಕೈಯನ್ನು ನೋಡಬಾರದು, ಚೆಂಡಿನ ಹಾದಿಯ ತುದಿಯನ್ನು ನೋಡಬೇಕು. ಚೆಂಡು ಮುಂದಕ್ಕೆ ಹೋಗಿ ಮಗು ಅದರ ಹಿಂದೆ ನಡೆಯತೊಡಗಿದರೆ ಗೋಡೆಗೆ ಮುಖಮಾಡಿ ನಿಲ್ಲಿಸುತ್ತಾರೆ.

ಎತ್ತರಕ್ಕೆ ಹೋದಾಗ ಲೆಕ್ಕ ಗಂಭೀರವಾಗುತ್ತದೆ. ತೂಗುಯ್ಯಾಲೆಯ ಹಗ್ಗ ನೆಲಕ್ಕೆ ಸಮಾನಾಂತರವಾಗುವಷ್ಟು ಮೇಲಿಂದ ಬಿಟ್ಟರೆ, ಕೆಳಗಿನ ಬಿಂದುವಿಗೆ ಬರುವಾಗ ಕೈಗಳ ಮೇಲೆ ಬೀಳುವ ಎಳೆತ ಮೈತೂಕದ ಮೂರರಷ್ಟು. 40 ಕಿಲೋ ತೂಗುವ ಹುಡುಗಿ ಆ ಕ್ಷಣಕ್ಕೆ 120 ಕಿಲೋ. ತಂತಿ ನಡಿಗೆಯಲ್ಲಿ ಇನ್ನೂ ಹೆಚ್ಚು. ಆರು ಮೀಟರ್ ಉದ್ದದ ತಂತಿಯ ನಡುವೆ 50 ಕಿಲೋ ತೂಕದ ಹುಡುಗ ನಿಂತಾಗ ತಂತಿ 15 ಸೆಂಟಿಮೀಟರ್ ಮಾತ್ರ ತಗ್ಗಿತು ಎನ್ನೋಣ. ಆಗ ತಂತಿಯೊಳಗಿನ ಎಳೆತ ಸುಮಾರು 500 ಕಿಲೋದಷ್ಟಿರುತ್ತದೆ. ತಂತಿ ಬಿಗಿಯಾದಷ್ಟೂ ನಡೆಯುವ ಹುಡುಗನಿಗೆ ಸುಲಭ, ಗೂಟಕ್ಕೆ ಕಷ್ಟ. ಇದನ್ನು ತಿಳಿಯದೆ ಮನೆಯಂಗಳದ ಕಂಬಕ್ಕೆ, ಗೋಡೆಯ ಕೊಕ್ಕೆಗೆ ತಂತಿ ಕಟ್ಟಿ ಪ್ರಯೋಗ ಮಾಡುವುದು ಅಪಾಯ. ಮಗುವಿನ ತೂಕ ಕಡಿಮೆ ಎಂಬ ಧೈರ್ಯ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಹಾಗಾಗಿ ಮನುಷ್ಯರು ನೇತಾಡುವ ಹಗ್ಗ, ಕೊಂಡಿ, ತಿರುಗಣೆಗಳನ್ನು ಬೀಳಬಹುದಾದ ಭಾರಕ್ಕಿಂತ ಐದರಿಂದ ಹತ್ತು ಪಟ್ಟು ತಾಳುವಂತೆ ಆರಿಸುತ್ತಾರೆ. ಈ ಕೆಲಸಕ್ಕೆ ಪ್ರತ್ಯೇಕ ಜನರಿದ್ದಾರೆ. ರಿಗರ್ ಎಂದು ಕರೆಯುತ್ತಾರೆ. ಕೊಂಡಿಯಲ್ಲಿ ಬಿರುಕಿದೆಯೇ, ಹಗ್ಗದ ಎಳೆ ಸವೆದಿದೆಯೇ, ತಿರುಪು ಸಡಿಲಾಗಿದೆಯೇ ಎಂದು ಪ್ರತಿ ಕಟ್ಟುವಿಕೆಯಲ್ಲೂ ನೋಡಿ ಬರೆದಿಡುವುದು ಅವರ ಕೆಲಸ. ಆಟಗಾರರಿಗಿಂತ ರಿಗರ್‌ಗೆ ಹೆಚ್ಚು ಗೌರವ ಸಲ್ಲಬೇಕು ಎಂದು ನನಗೆ ಅನಿಸುತ್ತದೆ. ಆತ ರಿಂಗಿಗೆ ಬಂದು ಕೈಮುಗಿಯುವುದಿಲ್ಲ, ಚಪ್ಪಾಳೆಯೂ ಸಿಗುವುದಿಲ್ಲ, ಆದರೆ ಮೂವತ್ತು ಮನೆಯ ಮಕ್ಕಳ ಜೀವ ಅವನ ಕೈಯಲ್ಲಿರುತ್ತದೆ.

ಹೊಸ ಪಲ್ಟಿ ಕಲಿಯುವಾಗ ಮಗುವಿನ ಸೊಂಟಕ್ಕೆ ಅಗಲವಾದ ಪಟ್ಟಿ ಕಟ್ಟಿ, ಎರಡೂ ಪಕ್ಕದಿಂದ ಹೊರಟ ಹಗ್ಗವನ್ನು ಮೇಲಿನ ರಾಟೆಯ ಮೂಲಕ ಇಳಿಸಿ ತರಬೇತುದಾರರು ಕೈಯಲ್ಲಿ ಹಿಡಿಯುತ್ತಾರೆ. ಬಾವಿಯ ಹಗ್ಗದ ಹಾಗೆ: ಕೊಡ ಎಲ್ಲಿದೆ ಎಂದು ಕಾಣದಿದ್ದರೂ ಹಿಡಿದ ಕೈಗೆ ತಿಳಿಯುತ್ತದೆ. ಮಗುವಿಗೆ ಪಟ್ಟಿಯ ಎಳೆತ ಗೊತ್ತಾಗುತ್ತಿರುವವರೆಗೂ ಕಲಿಕೆ ಮುಗಿದಿಲ್ಲ ಎಂದು ಅರ್ಥ. ಹಗ್ಗ ಸಡಿಲವಾಗಿಯೇ ಉಳಿದು ಪಲ್ಟಿ ಮತ್ತೆ ಮತ್ತೆ ಒಂದೇ ಥರ ಬಂದ ಮೇಲೆ ಪಟ್ಟಿ ಬಿಚ್ಚುವ ಮಾತು.

ಮೇಲಿನಿಂದ ಇಳಿಬಿಟ್ಟ ಉದ್ದ ಬಟ್ಟೆಯ ಮೇಲಿನ ಆಟ ನಮ್ಮ ಮಲ್ಲಕಂಬ ನೋಡಿದವರಿಗೆ ಬೇಗ ಅರ್ಥವಾಗುತ್ತದೆ. ಹಗ್ಗದ ಮಲ್ಲಕಂಬದಲ್ಲಿ ಹುಡುಗಿಯರು ಕಾಲಿನ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವೆ ಹಗ್ಗ ಸಿಕ್ಕಿಸಿಕೊಂಡು ಗಂಟಿಲ್ಲದೆ ನಿಲ್ಲುತ್ತಾರಲ್ಲ, ಅದೇ ತತ್ವ. ಬಟ್ಟೆಯನ್ನು ಪಾದಕ್ಕೂ ತೊಡೆಗೂ ಸುತ್ತಿಕೊಂಡರೆ ಪ್ರತಿ ಸುತ್ತಿಗೂ ಘರ್ಷಣೆ ಗುಣಾಕಾರವಾಗಿ ಏರುತ್ತದೆ. ಎರಡು ಸುತ್ತಾದ ಮೇಲೆ ತೋಳಿನ ಬಲ ಹೆಚ್ಚು ಬೇಕಿಲ್ಲ. ನೋಡುವವರು ಬಲ ಎಂದುಕೊಂಡದ್ದು ಬಹುಪಾಲು ಸುತ್ತಿನ ಜಾಣ್ಮೆ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲೇ ಮಲ್ಲಸ್ತಂಭದ ಮಾತು ಬರುತ್ತದೆ ಎಂಬುದನ್ನು ನೆನೆದರೆ, ಈ ವಿದ್ಯೆ ನಮಗೆ ದೂರದ್ದೇನೂ ಅಲ್ಲ.

ಮಕ್ಕಳ ಸರ್ಕಸ್ಸಿಗೆ ದೊಡ್ಡವರ ಸರ್ಕಸ್ಸಿನಲ್ಲಿಲ್ಲದ ಒಂದು ತೊಡಕಿದೆ. ಆಟಗಾರರು ಬೆಳೆಯುತ್ತಿರುತ್ತಾರೆ. ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಮೂಳೆ ಸರ್ರನೆ ಉದ್ದವಾಗುತ್ತದೆ, ಸ್ನಾಯುಗಳು ಹಿಂದೆ ಉಳಿಯುತ್ತವೆ. ಹೋದ ವರ್ಷ ನಿದ್ದೆಯಲ್ಲಿದ್ದರೂ ಬರುತ್ತಿದ್ದ ಪಲ್ಟಿ ಈ ವರ್ಷ ಬರುವುದಿಲ್ಲ. ದೇಹದ ತೂಕದ ನಡುಬಿಂದು ಬೇರೆ ಕಡೆ ಹೋಗಿರುತ್ತದೆ. ಮೂಳೆಯ ತುದಿಯ ಬೆಳವಣಿಗೆಯ ಪದರ ಇನ್ನೂ ಮೃದುವಾಗಿರುವುದರಿಂದ ಕೈ ಮೇಲೆ ನಿಲ್ಲುವ ಆಟವನ್ನು ಅತಿಯಾಗಿ ಮಾಡಿಸಿದರೆ ಮಣಿಕಟ್ಟು ನೋಯತೊಡಗುತ್ತದೆ. ತಿಳಿದ ತರಬೇತುದಾರರು ಆ ವರ್ಷ ಹೊಸ ಸಾಹಸ ಸೇರಿಸದೆ, ಹಳೆಯದನ್ನು ಕಡಿಮೆ ಮಾಡಿ, ಸಮತೋಲನದ ಪಾಠಕ್ಕೆ ಹಿಂದಿರುಗುತ್ತಾರೆ.

ಮನಸ್ಸಿನ ಪೆಟ್ಟು ಇದಕ್ಕಿಂತ ದೊಡ್ಡದು. ಪಿರಮಿಡ್ಡಿನ ತುದಿಯಲ್ಲಿ ನಿಲ್ಲುತ್ತಿದ್ದ ಹುಡುಗಿ ಒಂದು ವರ್ಷದಲ್ಲಿ ಸರ್ರನೆ ಬೆಳೆದಳೆಂದರೆ ಅವಳ ಜಾಗಕ್ಕೆ ಇನ್ನೊಂದು ಪುಟ್ಟ ಮಗು ಬರುತ್ತದೆ, ಅವಳು ಕೆಳಸಾಲಿಗೆ ಇಳಿಯುತ್ತಾಳೆ. ಹೊತ್ತುಕೊಳ್ಳುವವರ ಕೆಲಸಕ್ಕೆ ಮೇಲಿನವರ ಕೆಲಸಕ್ಕಿಂತ ಹೆಚ್ಚು ನೈಪುಣ್ಯ ಬೇಕು. ಪಾದದಡಿಯ ಸಣ್ಣ ನಡುಕವನ್ನು ಗ್ರಹಿಸಿ ಸರಿಪಡಿಸುವವರು ಅವರೇ. ಆದರೂ ಚಪ್ಪಾಳೆ ಹೋಗುವುದು ತುದಿಗೆ. ಇದನ್ನು ಮೊದಲ ದಿನದಿಂದಲೇ ಹೇಳಿ, ಎಲ್ಲರಿಗೂ ಎರಡೂ ಕೆಲಸ ಕಲಿಸುವ ತಂಡದಲ್ಲಿ ಬೆಳೆದ ಮಗು ತನ್ನ ಎತ್ತರವನ್ನು ದ್ವೇಷಿಸುವುದಿಲ್ಲ, ಊಟ ಬಿಟ್ಟು ಸೊರಗುವುದಿಲ್ಲ. ಲಾಭಕ್ಕೆ ನಡೆಯುವ ಡೇರೆಗೆ ಪುಟ್ಟದಾಗಿಯೇ ಉಳಿಯುವ ಮಗು ಬೇಕು. ಕಲಿಸಲು ನಡೆಯುವ ಡೇರೆ ಬೆಳೆಯುವ ಮಗುವಿಗೆ ಹೊಸ ಪಾತ್ರ ಹುಡುಕುತ್ತದೆ.

ಸ್ಮರ್ಕಸ್ ತಿರುಗಾಟ ಶುರುವಾದ ಮೇಲಿನ ದಿನಚರಿ ದೊಡ್ಡ ಕಂಪನಿಗಳ ಹಾಗಿರುವುದಿಲ್ಲ. ಡೇರೆ ಎತ್ತುವುದು, ಇಳಿಸುವುದು, ಲಾರಿ ಓಡಿಸುವುದು ವಯಸ್ಕ ಸಿಬ್ಬಂದಿಯ ಹೊಣೆ. ಮಕ್ಕಳಿಗೆ ಆಟದ ಸಾಮಾನು ಜೋಡಿಸುವುದು, ಉಡುಪು ಒಪ್ಪ ಮಾಡುವುದು, ರಿಂಗು ಗುಡಿಸಿ ಸಿದ್ಧ ಮಾಡುವುದು ಇತ್ಯಾದಿ. ಸಾಮಾನ್ಯವಾಗಿ ದಿನಕ್ಕೆ ಎರಡು ಆಟ. ಬೆಳಿಗ್ಗೆ ಮೈ ಬಿಸಿ ಮಾಡುವ ಸಾಮು, ಹಿಂದಿನ ದಿನ ಎಡವಿದ ಭಾಗದ ಮರು ಅಭ್ಯಾಸ, ಮಧ್ಯಾಹ್ನದ ಆಟ, ಊಟ, ವಿಶ್ರಾಂತಿ, ಸಂಜೆಯ ಆಟ. ರಾತ್ರಿ ಮಕ್ಕಳು ಮಲಗುವುದು ಡೇರೆಯಲ್ಲಲ್ಲ. ಆ ಊರಿನ ಮನೆಗಳವರು ಮಕ್ಕಳನ್ನು ಅತಿಥಿಗಳಾಗಿ ಕರೆದುಕೊಂಡು ಹೋಗುತ್ತಾರೆ. ಬಟ್ಟೆ ಒಗೆದುಕೊಡುತ್ತಾರೆ, ಊಟ ಹಾಕುತ್ತಾರೆ, ಬೆಳಿಗ್ಗೆ ತಂದು ಬಿಡುತ್ತಾರೆ. ಎರಡು ಮೂರು ದಿನಕ್ಕೆ ಊರು ಬದಲಾಗುತ್ತದೆ, ಮನೆಯೂ ಬದಲಾಗುತ್ತದೆ. ಈ ಒಂದು ಏರ್ಪಾಡಿನಿಂದ ಆಗುವ ಉಪಕಾರ ದೊಡ್ಡದು: ಡೇರೆಗೆ ಸಂಬಂಧವಿಲ್ಲದ ಹೊರಗಿನ ಕಣ್ಣು ಪ್ರತಿ ರಾತ್ರಿ ಮಗುವನ್ನು ನೋಡುತ್ತದೆ. ಉಂಡಿತೇ, ಕುಂಟುತ್ತಿದೆಯೇ, ಮಂಕಾಗಿದೆಯೇ ಎಂದು ತಿಳಿಯುತ್ತದೆ. ನಮ್ಮ ಸರ್ಕಸ್ಸುಗಳಲ್ಲಿ ಕೂಡಿಹಾಕಲ್ಪಟ್ಟ ಮಕ್ಕಳಿಗೆ ಇಲ್ಲದೇ ಹೋದದ್ದು ಮೊದಲು ಅದೇ.

ಹಣದ ದಾರಿಯೂ ಹಾಗೇ ಹಂಚಿದೆ. ಸ್ಮರ್ಕಸ್ ಲಾಭದ ಉದ್ದೇಶವಿಲ್ಲದ ಸಂಸ್ಥೆ. ಪ್ರತಿ ಊರಿನಲ್ಲಿ ಶಾಲೆಯೋ ಸೇವಾಸಂಸ್ಥೆಯೋ ಆಟವನ್ನು ಕರೆಸಿಕೊಂಡು, ಅದರಿಂದ ತನ್ನ ಕೆಲಸಕ್ಕೂ ನಿಧಿ ಕೂಡಿಸಿಕೊಳ್ಳುತ್ತದೆ. ಬೇಸಿಗೆ ಶಿಬಿರಗಳು ಮತ್ತು ಶಾಲೆಗಳಿಗೆ ಹೋಗಿ ನಡೆಸುವ ಕಮ್ಮಟಗಳು ಸಂಸ್ಥೆಯ ಉಳಿದೆರಡು ಕಾಲುಗಳು. ಆಗಸ್ಟ್ ನಡುವಿಗೆ ತಿರುಗಾಟ ಮುಗಿದು, ಶಾಲೆ ತೆರೆಯುವ ಹೊತ್ತಿಗೆ ಮಕ್ಕಳು ಮನೆಯಲ್ಲಿರುತ್ತಾರೆ. ಹದಿನೆಂಟು ದಾಟಿದ ಮೇಲೆ ತಂಡದಲ್ಲಿ ಜಾಗವಿಲ್ಲ. ಮುಂದುವರಿಯಬೇಕೆನ್ನುವವರು 1981ರಲ್ಲಿ ಶುರುವಾದ ಮಾಂಟ್ರಿಯಲ್‌ನ ರಾಷ್ಟ್ರೀಯ ಸರ್ಕಸ್ ಶಾಲೆಯಂಥ ಕಡೆ ಹೋಗುತ್ತಾರೆ. ಹೆಚ್ಚಿನವರು ಬೇರೆ ಬದುಕು ಹಿಡಿಯುತ್ತಾರೆ.

ಡೇರೆಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಸ್ಮರ್ಕಸ್ ತಿರುಗುವ ಪ್ರದೇಶದಲ್ಲೇ, ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನಲ್ಲಿ, 1944ರ ಜುಲೈ 6ರಂದು ರಿಂಗ್ಲಿಂಗ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿತ್ತು. ಮಳೆನೀರು ಇಳಿಯದಿರಲೆಂದು ಬಟ್ಟೆಗೆ ಪೆಟ್ರೋಲಿನಲ್ಲಿ ಕರಗಿಸಿದ ಮೇಣ ಬಳಿದಿದ್ದರು. ನಿಮಿಷಗಳಲ್ಲಿ ಡೇರೆ ಉರಿದುಬಿತ್ತು. ಕನಿಷ್ಠ 167 ಜನ ಸತ್ತರು. ಬೆಂಗಳೂರಿನಲ್ಲಿ 1981ರ ಫೆಬ್ರವರಿ 7ರಂದು ವೀನಸ್ ಸರ್ಕಸ್ಸಿನ ಡೇರೆ ಹೊತ್ತಿಕೊಂಡಾಗ 90ಕ್ಕೂ ಹೆಚ್ಚು ಜನ ಹೋದರು, ಅವರಲ್ಲಿ ಬಹುಪಾಲು ಆಟ ನೋಡಲು ಬಂದಿದ್ದ ಮಕ್ಕಳು. ಇವತ್ತು ಬೆಂಕಿ ಹಬ್ಬದ ಬಟ್ಟೆ, ಎಲ್ಲ ದಿಕ್ಕಿಗೂ ತೆರೆದ ಬಾಗಿಲು, ಗಾಳಿಯ ವೇಗ ಇಷ್ಟಾದರೆ ಆಟ ನಿಲ್ಲಿಸಿ ಜನರನ್ನು ಹೊರಗೆ ಕಳಿಸಬೇಕು ಎಂಬ ಲಿಖಿತ ನಿಯಮ, ಇವು ಡೇರೆಯ ಅಲಂಕಾರಕ್ಕಿಂತ ಮೊದಲು ಇರಬೇಕಾದವು. ಯಾವ ಡೇರೆಯೊಳಗೆ ಹೋದರೂ ಕೂರುವ ಮೊದಲು ಹತ್ತಿರದ ಬಾಗಿಲು ಎಲ್ಲಿದೆ ನೋಡಿಕೊಳ್ಳಿ.

ಬೇರೆ ಮಾದರಿಗಳೂ ಇವೆ. ಫ್ಲಾರಿಡಾದ ಸರಸೋಟದ ಸೇಲರ್ ಸರ್ಕಸ್ 1949ರಲ್ಲಿ ಪ್ರೌಢಶಾಲೆಯೊಂದರ ಜಿಮ್ನಾಸ್ಟಿಕ್ಸ್ ತರಗತಿಯಿಂದ ಹುಟ್ಟಿತು. ಆಸ್ಟ್ರೇಲಿಯಾದ ಆಲ್ಬರಿ ಮತ್ತು ವೊಡೊಂಗಾ ಅವಳಿ ಊರುಗಳಲ್ಲಿ 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ಫ್ಲೈಯಿಂಗ್ ಫ್ರೂಟ್ ಫ್ಲೈ ಸರ್ಕಸ್ ಶುರುವಾಯಿತು. 1983ರಲ್ಲಿ ಚೀನಾದ ನಾನ್‌ಜಿಂಗ್ ಕಸರತ್ತು ತಂಡದ ಗುರುಗಳು ಅಲ್ಲಿಗೆ ಬಂದು ತಿಂಗಳುಗಟ್ಟಲೆ ಪಾಠ ಹೇಳಿದ ಮೇಲೆ ಆ ಮಕ್ಕಳ ಮಟ್ಟವೇ ಬದಲಾಯಿತು. ಅಲ್ಲಿ ಸರ್ಕಸ್ಸೂ ಶಾಲೆಯೂ ಒಂದಕ್ಕೊಂದು ಹೆಣೆದುಕೊಂಡಿವೆ. ಓದು ಬಿಟ್ಟು ಡೇರೆಗೆ ಹೋಗುವ ಪ್ರಶ್ನೆಯೇ ಬರುವುದಿಲ್ಲ.

ನಮ್ಮಲ್ಲೂ ಕಲಿಸುವ ಪರಂಪರೆ ಇತ್ತು. ಕೇರಳದ ತಲಶ್ಶೇರಿಯ ಬಳಿಯ ಚಿರಕ್ಕರದಲ್ಲಿ ಕೀಲೇರಿ ಕುಂಞಿಕಣ್ಣನ್ 1901ರಲ್ಲಿ ಸರ್ಕಸ್ ಶಾಲೆ ತೆರೆದರು. ಭಾರತದ ಸರ್ಕಸ್ಸಿನ ಮಹಾನ್ ಆಟಗಾರರ ತಲೆಮಾರುಗಳು ಅಲ್ಲಿಂದ ಬಂದವು. ಆ ಶಿಸ್ತು ಕಂಪನಿಗಳ ಆತುರದಲ್ಲಿ ಕರಗಿ, ಕೊನೆಗೆ ಕಾನೂನು ಬಾಗಿಲು ಹಾಕಬೇಕಾಯಿತು. ಅಂಥ ಕಂಪನಿಗಳಲ್ಲಿ ಸಿಕ್ಕಿ ನರಳಿದ ನೇಪಾಳದ ಹುಡುಗ ಹುಡುಗಿಯರಲ್ಲಿ ಕೆಲವರು ಬಿಡುಗಡೆಯಾದ ಮೇಲೆ ತಾವೇ ಸರ್ಕಸ್ ಕಾಠ್ಮಂಡು ಎಂಬ ತಂಡ ಕಟ್ಟಿ, 2014ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಆಡಿದರು. ಬಲವಂತದಿಂದ ಕಲಿತ ವಿದ್ಯೆಯನ್ನು ತಮ್ಮದಾಗಿಸಿಕೊಂಡ ಅವರ ಧೈರ್ಯದ ಮುಂದೆ ನನಗೆ ಮಾತು ಹೊರಡುವುದಿಲ್ಲ. ಅವರ ಮೇಲೆ 2017ರಲ್ಲಿ ಬಂದ ‘ಈವನ್ ವೆನ್ ಐ ಫಾಲ್’ ಸಾಕ್ಷ್ಯಚಿತ್ರ ಸಿಕ್ಕರೆ ನೋಡಿ.

ಕರ್ನಾಟಕದ ತಂದೆ ತಾಯಿಗೆ ಸದ್ಯ ಕೈಗೆಟಕುವುದು ಊರಿನ ಮಲ್ಲಕಂಬದ ಗರಡಿ, ಜಿಮ್ನಾಸ್ಟಿಕ್ಸ್ ತರಗತಿ, ನಗರಗಳಲ್ಲಾದರೆ ಬಟ್ಟೆಯ ಮೇಲಿನ ಆಟ ಕಲಿಸುವ ಸ್ಟುಡಿಯೊಗಳು. ಸೇರಿಸುವ ಮೊದಲು ಅರ್ಧ ದಿನ ಅಲ್ಲೇ ಕೂತು ನೋಡಿ. ಮಗು ಬೇಡ ಎಂದಾಗ ಗುರುಗಳು ಏನು ಮಾಡುತ್ತಾರೆ, ಕೆಳಗೆ ದಪ್ಪ ಹಾಸು ಇದೆಯೇ, ಬೆನ್ನು ಬಗ್ಗಿಸಲು ಇನ್ನೊಬ್ಬರು ಮೇಲೆ ಕೂತು ಒತ್ತುತ್ತಾರೆಯೇ, ನೋವು ಹೇಳಿದ ಮಗುವಿಗೆ ಆ ದಿನ ವಿರಾಮ ಸಿಗುತ್ತದೆಯೇ ಎಂಬುದನ್ನು ಗಮನಿಸಿ. ತಂದೆ ತಾಯಿ ಒಳಗೆ ಬರುವಂತಿಲ್ಲ ಎನ್ನುವ ಜಾಗದಿಂದ ಮಗುವನ್ನು ಕರೆದುಕೊಂಡು ಬನ್ನಿ. ಮೇಲಿನ ತೊಲೆಗೆ ಹಾಕಿದ ಕೊಂಡಿಯನ್ನು ಕೊನೆಯ ಸಲ ಬಿಚ್ಚಿ ಪರೀಕ್ಷಿಸಿದ್ದು ಯಾವಾಗ ಎಂದು ಕೇಳಿ. ದಿನಾಂಕ ಬರೆದಿಟ್ಟ ಪುಸ್ತಕ ತೆಗೆದು ತೋರಿಸಿದರೆ ಮಾತ್ರ ಹೆಸರು ಬರೆಸಿ.